ಏನಿಲ್ಲ ಎನ್ನುತ್ತಿದ್ದ ಅಬ್ದುಲಗನಿ

ಅಬ್ದುಲಗನಿ ಮೀನಾಳನ್ನು ಮೊದಲು ಕಂಡದ್ದು ಕೊರ್ತಾಲಿಮ್ ಸೇತುವೆಯ ಈಚೆ ಬದಿಯ ತಗಡಿನ ಶೆಡ್ಡಿನಲ್ಲಿ. ಹೊರಗೆ ಲಾರಿಗಳ ಸದ್ದು, ಒಳಗೆ ಎಣ್ಣೆಯ ವಾಸನೆ. ಗೋಡೆಯ ಕೊಕ್ಕೆಗೆ ಅಲ್ಯೂಮಿನಿಯಂ ಕಾಲುಗಳೆರಡು ಜೋತುಬಿದ್ದಿದ್ದವು. ಸೊಂಟದ ಪಟ್ಟಿಗೆ ಬ್ಯಾಟರಿ, ಮಂಡಿಯ ಬಳಿ ಅಂಗೈಯಗಲದ ಮೋಟಾರು. ಭಾರ ಹೊತ್ತು ಬೆಟ್ಟ ಹತ್ತಿಳಿಯುವ ಕಾಲಾಳು ಸೈನಿಕರಿಗಾಗಿ ಸಿದ್ಧವಾಗುತ್ತಿದ್ದ ಕವಚ ಅದು. ಗದಗಿನ ಕಡೆಯ ಎಂಜಿನಿಯರ್ ಹುಡುಗಿ ಮೀನಾ ಪಟ್ಟಿ ಬಿಗಿಯಲು ಮೊಣಕಾಲೂರಿದಳು. ಅವನು ಗಾಬರಿಯಿಂದ ಹಿಂದೆ ಸರಿದ.

"ಬ್ಯಾಡವ್ವಾ, ನನ್ನ ಕಾಲ ಮುಟ್ಟಬ್ಯಾಡ."

"ಮುಟ್ಟದ, ಮಷೀನ ಹೆಂಗ ಕಟ್ಟಲಿ ಚಾಚಾ?" ಎಂದು ಅವಳು ನಕ್ಕಳು.

ಭಾರ ಹೊತ್ತು ರೂಢಿಯಿದ್ದವರು ಬೇಕೆಂದು ವಾಸ್ಕೋ ಬಂದರಿನಲ್ಲಿ ಮೂಟೆ ಹೊರುವ ಹಮಾಲನಾಗಿದ್ದ ಅವನನ್ನೂ ಜೊತೆಗಾರ ಭರಮಪ್ಪನನ್ನೂ ಕರೆಸಿದ್ದರು. ಕವಚ ತೊಟ್ಟ ಅವನನ್ನು ಕಂಡು ಭರಮಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಏ ಗನಿ, ಮದವಿ ಕುದ್ರಿ ಆಗಿ ನೋಡು! ಒಂದೀಟು ಕುಣಿ."

ದಿನವೂ ಕವಚ ತೊಟ್ಟು ಚೀಲ ಹೊತ್ತು ದಿಬ್ಬ ಹತ್ತಿಳಿಯುವುದೇ ಪರೀಕ್ಷೆ. ಏರುವಾಗ ಚೀಲ ಖರೇನೇ ಹಗುರಾಗುತ್ತಿತ್ತು. ಇಳಿಯುವಾಗ ಮಾತ್ರ ಮೋಟಾರು ಒಂದು ಕ್ಷಣ ತಡವಾಗಿ ನೂಕುತ್ತಿತ್ತು; ಎಡಮಂಡಿ ಒಳಗೊಳಗೇ ತಿರುಚುತ್ತಿತ್ತು. ಸಂಜೆ ಮೀನಾ ತಪ್ಪದೆ ಕೇಳುವಳು, "ಎಲ್ಲ್ಯರ ನೋವೈತೇನು ಚಾಚಾ?"

"ಏನಿಲ್ಲವ್ವಾ."

ಹಮಾಲರಲ್ಲಿ ಅದೇ ರೂಢಿ. ಒಬ್ಬ ನೋವೆಂದರೆ ಹಡಗಿಗೆ ಹಾಕಿದ ಹಲಗೆಯ ಮೇಲೆ ಹಿಂದೆ ಬರುವವನ ಹೆಜ್ಜೆಯೂ ತಡವರಿಸುತ್ತದೆ. ಕೆಲಸ ಹೋದೀತೆಂಬ ಅಂಜಿಕೆಯೂ ಇತ್ತು. ಮನೆಯಲ್ಲಿ ಹೆಂಡತಿ ಹಜರತಬಿ ಊದಿದ ಮಂಡಿಗೆ ಉಪ್ಪಿನ ಕಾವು ಕೊಡುತ್ತ ಗೊಣಗಿದಳು. "ನನ್ನ ಮುಂದ ನರಳತೀರಿ. ಆ ಹುಡುಗಿ ಮುಂದ ಬಾಯಿಗೆ ಬೀಗ ಏನ್ರಿ?"

ಒಂದು ದಿನ ಮೀನಾ ಹಿಗ್ಗಿನಿಂದ ಓಡಿಬಂದಳು. "ಚಾಚಾ, ನಾಳಿ ಜವಾನ್ರಿಗೆ ತೊಡಸ್ತೀವಿ! ನಿಮಗ ಏನೂ ಆಗಿಲ್ಲ ಅಂದಮ್ಯಾಲ ಅವರಿಗೇನಾಗತೈತಿ?"

ಅಬ್ದುಲಗನಿ ಆ ಸಿಪಾಯಿಗಳನ್ನು ನೆನೆದ. ಆ ಹುಡುಗರೂ ಸಾಹೇಬರು ಕೇಳಿದರೆ ಎದೆ ಸೆಟೆಸಿ ಏನಿಲ್ಲವೆಂದೇ ಅನ್ನುವವರು. ಕಡಿದಾದ ಇಳಿಜಾರಿನಲ್ಲಿ ಮಂಡಿ ಕೈಕೊಟ್ಟರೆ ಹಿಡಿಯುವವರು ಯಾರು? ಅವನು ಪ್ಯಾಂಟು ಮೇಲಕ್ಕೆ ಸುತ್ತಿದ.

"ನೋಯಾಕತ್ತೈತವ್ವಾ. ಭಾಳ ದಿನ ಆತು. ಇಳಿಯೂಮುಂದ ಮಷೀನ ತಡಾ ಮಾಡತೈತಿ."

ಊದಿದ ಮಂಡಿ ನೋಡಿ ಮೀನಾಳ ಮುಖ ಬಿಳಿಚಿತು. "ದಿನಾ ಕೇಳತಿದ್ನಲ್ಲ. ಯಾಕ ಹೇಳಲಿಲ್ಲ ಚಾಚಾ?"

"ಹಮಾಲ ಹೇಳಂಗಿಲ್ಲವ್ವಾ. ಸಿಪಾಯಿನೂ ಹೇಳಂಗಿಲ್ಲ."

ಮರುದಿನದ ಪರೀಕ್ಷೆ ನಿಂತಿತು. ಕವಚವನ್ನು ಬಿಚ್ಚಿ ಮತ್ತೆ ಮೇಜಿನ ಮೇಲಿಟ್ಟರು. ಇನ್ನು ಭಾರ ಹೊರಬಾರದೆಂದು ಡಾಕ್ಟರು ಅವನಿಗೆ ಹೇಳಿದರು.

ಈಗ ಅಬ್ದುಲಗನಿ ಕೊರ್ತಾಲಿಮ್ ಬಸ್‌ಸ್ಟ್ಯಾಂಡಿನ ಬಳಿ ಕೂತು ಲಿಂಬೆಹಣ್ಣು, ಹಸಿಮೆಣಸಿನಕಾಯಿ ಮಾರುತ್ತಾನೆ.