ಮೈಂದರ್ಗಿಯ ಅಂಗಳದಲ್ಲಿ ಒಂದು ಶಾಟ್

ಮೊದಲೇ ಒಪ್ಪಿಕೊಳ್ಳುತ್ತೇನೆ, ತಪ್ಪು ನನ್ನ ಬಾಯಿಯದು. ದಿನಕ್ಕೊಬ್ಬರನ್ನು ಅಣಕಿಸದಿದ್ದರೆ ಅದಕ್ಕೆ ರೊಟ್ಟಿ ಇಳಿಯುವುದಿಲ್ಲ.

ಸೊಲ್ಲಾಪುರದ ಮೇಧಕ್ಕ ಒಬ್ಬರೇ ಸಾಕ್ಷ್ಯಚಿತ್ರ ತೆಗೆಯುತ್ತಾರೆ. ಕ್ಯಾಮೆರಾ, ಮೈಕು, ಬಸ್ಸಿನಲ್ಲಿ ಸೀಟು ಹಿಡಿಯುವುದು, ಎಲ್ಲ ಅವರೇ. ಟ್ರೈಪಾಡ್ ಹೊರಲು ಮಾತ್ರ ನಾನೆಂಬ ಕತ್ತೆ. ಮೈಂದರ್ಗಿಯ ರೈತ ದಂಪತಿಯ ಬಗ್ಗೆ ಮೂರು ವರ್ಷದಿಂದ ಚಿತ್ರ ಮಾಡುತ್ತಿದ್ದಾರೆ. ಹೋದ ವರ್ಷ ಗಂಡ ತೀರಿಕೊಂಡ. ಅಂದಿನಿಂದ ಹೆಂಡತಿ ಶಾಂತವ್ವ ಅವನ ಬಗ್ಗೆ ಒಂದು ಮಾತೂ ಆಡಿಲ್ಲ. ಚಿತ್ರ ಅಲ್ಲಿಗೇ ನಿಂತಿದೆ.

ಅಕ್ಕಲಕೋಟದಿಂದ ಬರುವಾಗ ಬಸ್ಸಿನಲ್ಲಿ ಹಳೆಯ ದೃಶ್ಯಗಳನ್ನು ನೋಡುತ್ತ ಆ ಗಂಡನ ದನಿ ಕೇಳಿಸಿಕೊಂಡಿದ್ದೆ. ಮೇಧಕ್ಕ ಅಂಗಳದಲ್ಲಿ ಕ್ಯಾಮೆರಾವನ್ನು ಬಾಗಿಲಿನತ್ತ ಹೂಡಿದ್ದರು. ಅವರನ್ನು ನಗಿಸಲೆಂದು ನಾನು ಆ ದನಿ ತೆಗೆದೆ: "ಏ ಶಾಂತಾ, ಚಾ ಆತೇನ?"

ಒಳಗಿನಿಂದ ಥಟ್ಟನೆ ಉತ್ತರ ಬಂತು: "ತರ್ತೀನಿ, ತಡೀರಿ! ಸಕ್ರಿ ಮಾತ್ರ ಕೇಳಬ್ಯಾಡ್ರಿ, ಡಾಕ್ಟರ್ ಬ್ಯಾಡಂದಾರ."

ಕಪ್ಪುಬಸಿ ಹಿಡಿದು ಹೊಸ್ತಿಲಿಗೆ ಬಂದ ಶಾಂತವ್ವ ನನ್ನನ್ನು ಕಂಡು ನಿಂತುಬಿಟ್ಟರು. ಚಹಾ ನನ್ನ ಕೈಗಿಟ್ಟು ಒಳಗೆ ಹೋದರು. ಎಲ್ಲವೂ ಕ್ಯಾಮೆರಾದಲ್ಲಿ ಬಂದಿತ್ತು.

ಮೇಧಕ್ಕ ಅದನ್ನು ಒಮ್ಮೆ ನೋಡಿದರು. ಹೆಬ್ಬೆರಳಿನಿಂದ ಒತ್ತಿ ಅಳಿಸಿಬಿಟ್ಟರು. ವರ್ಷವಿಡೀ ಕಾದ ಶಾಟ್! ಅಂಥ ಹೆಬ್ಬೆರಳನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಅಣಕಿಸಲು ನನಗೂ ಆಗದ ವಸ್ತು ಅದೊಂದೇ ಇರಬೇಕು.

"ಅಕ್ಕಾ, ಇದಕ್ಕಽ ಕಾದಿದ್ರಲ್ಲ! ಖರೇನ ಮಾತಾಡಿದ್ಲಲ್ಲ ಆಕಿ!" ಎಂದೆ.

ಮೇಧಕ್ಕ ತಲೆ ಎತ್ತಲಿಲ್ಲ. "ಗಂಡನ ಜೋಡಿ ಮಾತಾಡ್ಯಾಳ. ನಮ್ಮ ಜೋಡಿ ಅಲ್ಲ."