ಹೆಗಲ ಮೇಲಿನ ವಲ್ಲಿ

ಯಾರು ಮೊದಲು, ಯಾರು ಎರಡನೆಯವರು ಎಂದು ಹರಟೆ ಶುರುವಾದರೆ ನಾನು ಎದ್ದು ಹೋಗುತ್ತೇನೆ. ಜನ ನನ್ನನ್ನು ಸಿಡುಕ ಅನ್ನುತ್ತಾರೆ. ಅನ್ನಲಿ. ಅವರು ಯಮನೂರಪ್ಪ ವಸ್ತಾದನನ್ನು ನೋಡಿಲ್ಲ, ನಾನು ನೋಡಿದ್ದೇನೆ.

ಯಮನೂರಪ್ಪ ಬೆಟಗೇರಿಯ ನೇಕಾರ. ಹಗಲೆಲ್ಲ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಸೀರೆ ನೇಯುತ್ತಿದ್ದ. ನಸುಕಿನಲ್ಲಿ, ಸಂಜೆಯಲ್ಲಿ ಓಣಿಯ ಗರಡಿಮನೆಯಲ್ಲಿ ಹುಡುಗರಿಗೆ ಕುಸ್ತಿ ಕಲಿಸುತ್ತಿದ್ದ. ನಮ್ಮ ಕಡೆ ಕುಸ್ತಿಯ ಗುರುವಿಗೆ ವಸ್ತಾದ ಅನ್ನುತ್ತಾರೆ. ನಮ್ಮದು ಎರೆಭೂಮಿ, ಕುಸ್ತಿಗೆ ಕೆಮ್ಮಣ್ಣೇ ಬೇಕು. ಅದನ್ನು ಕಪ್ಪತಗುಡ್ಡದ ಕಡೆಯಿಂದ ಚಕ್ಕಡಿಯಲ್ಲಿ ತರಿಸಿ, ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ, ತಾನೇ ತುಳಿದು ಹದ ಮಾಡುತ್ತಿದ್ದ. ಮದುವೆಯಾಗಲಿಲ್ಲ. ಕೇಳಿದವರಿಗೆ, "ಹೆಂಡ್ತಿ ಬಂದ್ರ ಹುಡುಗೂರಿಗೆ ಹಾಲು ಕಡಿಮಿ ಆಕ್ಕೈತಿ" ಎಂದು ನಗುತ್ತಿದ್ದ. ಅವನ ಅಕ್ಕ ದೇವವ್ವ ಗಂಡ ಸತ್ತ ಮೇಲೆ ಮಗ ಲಕ್ಷ್ಮಪ್ಪನನ್ನು ಕಟ್ಟಿಕೊಂಡು ತಮ್ಮನ ಮನೆಗೇ ಬಂದಳು. ಹುಡುಗ ಸೋದರಮಾವನ ಗರಡಿಯಲ್ಲೇ ಬೆಳೆದು ಪೈಲವಾನನಾದ.

ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಗದಗಿನಲ್ಲಿ ಕುಸ್ತಿ. ಗದಗ, ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಗರಡಿಗಳೆಲ್ಲ ಬರುತ್ತಿದ್ದವು. ಕೊನೆಯಲ್ಲಿ ಪಂಚರು ಕಣದ ಪಕ್ಕ ಜಮಖಾನೆ ಹಾಸಿ ವಸ್ತಾದರನ್ನು ಸಾಲಾಗಿ ಕೂರಿಸುತ್ತಿದ್ದರು. ಯಾರ ಶಿಷ್ಯರು ಹೆಚ್ಚು ಗೆದ್ದರೋ ಅವರು ಮೊದಲು, ಉಳಿದವರು ಆಮೇಲೆ. ಮೊದಲನೆಯವನ ತಲೆಗೆ ಪಟಗಾ ಸುತ್ತುತ್ತಿದ್ದರು. ಆ ಸಾಲು ಮುಂದಿನ ದೀಪಾವಳಿಯ ತನಕ ನಡೆಯುತ್ತಿತ್ತು. ಮದುವೆ ಮನೆಯಲ್ಲಿ ವೀಳ್ಯ ಕೊಡುವಾಗ ಅದೇ ಸಾಲು, ಹೋಟೆಲಿನಲ್ಲಿ ಚಹಾ ಇಡುವಾಗಲೂ ಅದೇ ಸಾಲು. ನಮ್ಮಪ್ಪ ಚನ್ನಬಸವಣ್ಣ ಹತ್ತಿ ವ್ಯಾಪಾರಿ. ಕೋಲು ಹಿಡಿದರೆ ಕೈ ನೋಯುವ ಆಸಾಮಿ. ಅವನೂ ಒಬ್ಬ ಪಂಚ.

ಇದರಲ್ಲಿ ಒಂದು ಕಟ್ಟಳೆ ಇತ್ತು. ವಸ್ತಾದನ ಹೆಗಲ ಮೇಲೆ ಒಂದು ಬಿಳಿ ವಲ್ಲಿ, ಅಂದರೆ ಟವೆಲು, ಇರಬೇಕು. ಶಿಷ್ಯನ ಜೀವಕ್ಕೆ ಅಪಾಯ ಅನ್ನಿಸಿದರೆ ಅದನ್ನು ಕಣಕ್ಕೆ ಎಸೆಯಬೇಕು, ಕುಸ್ತಿ ಅಲ್ಲಿಗೇ ನಿಲ್ಲುತ್ತದೆ. ಆದರೆ ಎಸೆದ ವಸ್ತಾದ ಆ ವರ್ಷ ಸಾಲಿನ ಕಟ್ಟಕಡೆಗೆ ಕೂರಬೇಕು, ಅವನ ಉಳಿದ ಶಿಷ್ಯರು ಎಷ್ಟೇ ಗೆದ್ದಿರಲಿ. ಸರಿಯಾಗಿ ತಯಾರಾಗದ ಹುಡುಗನನ್ನು ಕಣಕ್ಕೆ ಇಳಿಸಿದ ತಪ್ಪು ವಸ್ತಾದನದೇ ಎಂಬುದು ಹಿರಿಯರ ಲೆಕ್ಕ. ಕೇಳಲು ಎಷ್ಟು ಚೆನ್ನಾಗಿದೆ!

ಎಷ್ಟೋ ವರ್ಷದಿಂದ ಮೊದಲ ಜಾಗ ಲಕ್ಷ್ಮೇಶ್ವರದ ಮರ್ದಾನಸಾಬರದು. ಆ ಊರು ಮಿರಜ ಸಂಸ್ಥಾನಕ್ಕೆ ಸೇರಿದ್ದಾಗ ಅವರ ಗರಡಿಗೆ ಸಂಸ್ಥಾನದಿಂದಲೇ ಹಾಲು, ಬದಾಮಿ ಬೀಜ ಬರುತ್ತಿತ್ತು. ಸ್ವಾತಂತ್ರ್ಯ ಬಂತು, ಸಂಸ್ಥಾನ ಹೋಯಿತು, ಬದಾಮಿ ನಿಂತಿತು. ಆದರೂ ಮೊದಲ ಜಾಗ ಅವರದೇ. ಯಮನೂರಪ್ಪ ಎರಡನೆಯವನು. ಪಕ್ಕದವನ ತಲೆಯ ಪಟಗಾ ನೋಡಿ ನೋಡಿ ಅವನ ನಗು ಬತ್ತಿತು. ಹಾಲಿನ ಮಾತು ಆಡುವುದನ್ನೂ ಬಿಟ್ಟ.

ಐವತ್ತಾರರಲ್ಲಿ ಏಕೀಕರಣವಾಯಿತು. ಮುಂಬೈ ಸರಕಾರದಲ್ಲಿದ್ದ ನಾವೂ ಮೈಸೂರಿನವರೂ ಒಂದೇ ರಾಜ್ಯದವರಾದೆವು. ದೀಪಾವಳಿ ಅದೇ ದಿನಗಳಲ್ಲಿ ಬಂದಿತ್ತು. ಹೊಸ ರಾಜ್ಯದ ಮೊದಲ ಕುಸ್ತಿ ಇದು, ಈ ಸಲ ಮೊದಲು ಕೂತವನ ಹೆಸರು ಮೈಸೂರು ಅರಮನೆಯ ತನಕ ಹೋಗುತ್ತದೆ ಎಂದು ಚಹಾದಂಗಡಿಯ ಪಂಡಿತರು ಹಬ್ಬಿಸಿದರು. ಅರಮನೆಯವರಿಗೆ ಬೇರೆ ಕೆಲಸವಿರಲಿಲ್ಲ ನೋಡಿ. ಆದರೆ ಯಮನೂರಪ್ಪ ನಂಬಿದ.

ಹಬ್ಬಕ್ಕೆ ಮುಂಚೆ ತಾಲೀಮಿನಲ್ಲಿ ಲಕ್ಷ್ಮಪ್ಪನ ಕುತ್ತಿಗೆ ಉಳುಕಿತು. ದೇವವ್ವ ಬಿಸಿ ಎಣ್ಣೆ ತಿಕ್ಕಿದಳು. ಕಡಿಮೆಯಾಗಲಿಲ್ಲ.

"ತಮ್ಮಾ, ಈ ವರ್ಷ ಬ್ಯಾಡ" ಅಂದಳು. "ಹುಡುಗಗ ಕುತಿಗಿ ಹೊರಳಸಾಕ ಬರವಲ್ದು."

"ಅಕ್ಕಾ, ನನ್ನ ಹೆಗಲ ಮ್ಯಾಲ ವಲ್ಲಿ ಐತಿ" ಅಂದ ಯಮನೂರಪ್ಪ. "ಅವಗೇನರ ಆಗೂವಂಗ ಇದ್ರ ಒಗೀತೀನಿ. ನನ್ನ ಜಾಗ ಹೋದ್ರ ಹೋಗ್ಲಿ."

ಅವಳು ನಂಬಿದಳು. ಹುಡುಗನೂ ನಂಬಿದ.

ಆ ವರ್ಷ ಬೆಟಗೇರಿಯ ಹುಡುಗರು, ಲಕ್ಷ್ಮೇಶ್ವರದ ಹುಡುಗರು ಸಮಸಮ ಗೆದ್ದರು. ಉಳಿದದ್ದು ಕಡೆಯ ಜೋಡಿ. ಇತ್ತ ಲಕ್ಷ್ಮಪ್ಪ, ಅತ್ತ ಮರ್ದಾನಸಾಬರ ಶಿಷ್ಯ ತಿರಕಪ್ಪ. ನಾನು ಯಮನೂರಪ್ಪನ ಬೆನ್ನ ಹಿಂದೆಯೇ ಕೂತಿದ್ದೆ.

ತಿರಕಪ್ಪ ಎತ್ತಿನಂಥ ಆಳು. ಬಹಳ ಹೊತ್ತು ಜಗ್ಗಾಡಿದ ಮೇಲೆ ಲಕ್ಷ್ಮಪ್ಪನನ್ನು ಕೆಡವಿ ಮೇಲೆ ಬಿದ್ದ. ಬೆನ್ನು ಮಣ್ಣಿಗೆ ಹತ್ತಿದರೆ ಚಿತ್, ಅಲ್ಲಿಗೆ ಸೋಲು. ಲಕ್ಷ್ಮಪ್ಪ ನೆತ್ತಿಯನ್ನೂ ಅಂಗಾಲನ್ನೂ ಮಣ್ಣಿಗೆ ಊರಿ ಬೆನ್ನನ್ನು ಕಮಾನಿನ ಹಾಗೆ ಮೇಲೆತ್ತಿ ಹಿಡಿದ. ಅವನ ಭಾರ, ತಿರಕಪ್ಪನ ಭಾರ, ಎರಡೂ ಆ ಉಳುಕಿದ ಕುತ್ತಿಗೆಯ ಮೇಲೆ. ತಲೆಕೆಳಗಾದ ಅವನ ಕಣ್ಣು ಮಾವನನ್ನು ಹುಡುಕುತ್ತಿತ್ತು.

ಮರ್ದಾನಸಾಬರು ಎದ್ದು ನಿಂತರು. "ಯಮನೂರಪ್ಪ, ವಲ್ಲಿ ಒಗಿ. ಹುಡುಗನ ಕುತಿಗಿ ಸೋತೈತಿ."

ಯಮನೂರಪ್ಪ ಅವರ ಕಡೆ ತಿರುಗಲೂ ಇಲ್ಲ. "ನಿಮ್ಮ ಜಾಗ ನೀವು ನೋಡ್ಕೊರ್ರಿ" ಅಂದ. ಅವನ ಕೈ ಹೆಗಲ ಮೇಲಿನ ವಲ್ಲಿಗೆ ಹೋಗಿತ್ತು. ಎಸೆಯುತ್ತಾನೆ ಅಂದುಕೊಂಡೆ. ಅವನು ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಕೂತ.

ಆಗ ಮರ್ದಾನಸಾಬರು ತಮ್ಮ ವಲ್ಲಿ ಕಿತ್ತು ಕಣಕ್ಕೆ ಎಸೆದರು. ಗೆಲ್ಲುತ್ತಿದ್ದ ಶಿಷ್ಯನ ವಸ್ತಾದ ವಲ್ಲಿ ಎಸೆದದ್ದನ್ನು ಅದಕ್ಕೆ ಮುಂಚೆ ಯಾರೂ ಕಂಡಿರಲಿಲ್ಲ. ತಿರಕಪ್ಪ ಪಟ್ಟು ಬಿಟ್ಟ. ಆದರೆ ವಲ್ಲಿ ಮಣ್ಣು ಮುಟ್ಟುವ ಮೊದಲೇ ಒಣಗಿದ ಜೋಳದ ದಂಟು ಮುರಿದ ಸದ್ದಾಗಿತ್ತು. ಲಕ್ಷ್ಮಪ್ಪ ಮಗ್ಗುಲಿಗೆ ಉರುಳಿ ಬಿದ್ದ, ಮತ್ತೆ ಅಲುಗಾಡಲಿಲ್ಲ.

ಹುಡುಗನನ್ನು ಬಾಗಿಲ ಹಲಗೆಯ ಮೇಲೆ ಹಾಕಿ ಆಸ್ಪತ್ರೆಗೆ ಹೊತ್ತರು. ಪಂಚರು ಏನು ಮಾಡಿದರು ಗೊತ್ತೇ? ಅಲ್ಲೇ ಕೂತು ಸಾಲು ತೀರ್ಮಾನ ಮಾಡಿದರು. ಲಕ್ಷ್ಮಪ್ಪನ ಬೆನ್ನು ಮಣ್ಣಿಗೆ ಹತ್ತಿಲ್ಲ. ವಲ್ಲಿ ಎಸೆದವರು ಮರ್ದಾನಸಾಬರು. ಆದ್ದರಿಂದ ಅವರು ಕಟ್ಟಕಡೆಗೆ, ಯಮನೂರಪ್ಪ ಮೊದಲು. ನಮ್ಮಪ್ಪನೇ ಪಟಗಾ ಸುತ್ತಿದ. ಯಮನೂರಪ್ಪ ತಲೆ ಬಾಗಿಸಿ ಸುತ್ತಿಸಿಕೊಂಡ. ಸುತ್ತಿಸಿಕೊಂಡ ಮೇಲೆ ಆಸ್ಪತ್ರೆಗೆ ಓಡಿದ. ಇಬ್ಬರನ್ನೂ ನಾನು ಇಂದಿಗೂ ಕ್ಷಮಿಸಿಲ್ಲ. ಸಾಲಿನ ಕಡೆಯ ಜಾಗ ಖಾಲಿ ಇತ್ತು. ಮರ್ದಾನಸಾಬರು ಹುಡುಗನ ತಲೆ ಹಿಡಿದುಕೊಂಡು ಹಲಗೆಯ ಜೊತೆ ಹೋಗಿದ್ದರು.

ಲಕ್ಷ್ಮಪ್ಪ ಸಾಯಲಿಲ್ಲ. ಕುತ್ತಿಗೆಯಿಂದ ಕೆಳಗೆ ಏನೂ ಉಳಿಯಲಿಲ್ಲ, ಅಷ್ಟೆ. ಹುಬ್ಬಳ್ಳಿಯ ಡಾಕ್ಟರರು ಮನೆಗೆ ಒಯ್ಯಿರಿ ಅಂದರು. ಅವನನ್ನು ತಂದು ಮಲಗಿಸಿದ ದಿನ ದೇವವ್ವ ತಮ್ಮನಿಗೆ, "ವಲ್ಲಿ ಐತಿ ಅಂದಿದ್ದಿ" ಎಂದಳು. ಆಮೇಲೆ ಅವನೊಡನೆ ಮಾತಾಡಲಿಲ್ಲ. ಅವನ ರೊಟ್ಟಿಯ ತಾಟನ್ನು ಹೊಸ್ತಿಲ ಬಳಿ ಇಟ್ಟು ಒಳಗೆ ಹೋಗುತ್ತಿದ್ದಳು.

ಯಮನೂರಪ್ಪ ಗರಡಿಗೆ ಕೀಲಿ ಹಾಕಿದ. ಕೆಮ್ಮಣ್ಣು ಒಣಗಿ ಹೆಂಟೆಗಟ್ಟಿತು. ಅಳಿಯನಿಗೆ ಉಣಿಸುವುದು, ಹೇಲು ಉಚ್ಚೆ ಬಳಿಯುವುದು, ಮಗ್ಗುಲು ಹೊರಳಿಸುವುದು, ಎಲ್ಲ ಅವನದೇ. ಎಷ್ಟು ಹೊರಳಿಸಿದರೂ ಬೆನ್ನಿಗೆ ಹುಣ್ಣಾದವು. ನಡುನಡುವೆ ಮಗ್ಗದ ಸದ್ದು ಕೇಳುತ್ತಿತ್ತು, ನಿಲ್ಲುತ್ತಿತ್ತು.

ಮರುವರ್ಷ ದೀಪಾವಳಿ ಬಂತು. ಹಿಂದಿನ ವರ್ಷದ ಮೊದಲಿಗ ಪಟಗಾ ಸುತ್ತಿಕೊಂಡು ಬಂದು ಕೂರುವ ತನಕ ಕುಸ್ತಿ ಶುರುವಾಗುವಂತಿಲ್ಲ. ಅದೂ ಕಟ್ಟಳೆಯೇ. ನಮ್ಮಪ್ಪ ಅವನನ್ನು ಕರೆಯಲು ಹೋದ. ಜೊತೆಗೆ ನಾನೂ ಹೋದೆ. ಮನೆಯೊಳಗೆ ಹುಣ್ಣಿನ ವಾಸನೆ ಇತ್ತು.

"ಯಮನೂರಪ್ಪ, ಪಟಗಾ ಸುತಗೊಂಡು ಬಾ" ಅಂದ ಅಪ್ಪ. "ನೀ ಬಂದು ಕುಂತ್ರ ಕುಸ್ತಿ ಚಾಲೂ ಆಕ್ಕಾವು."

ಮಾತಾಡಿದವನು ಹಾಸಿಗೆಯ ಮೇಲಿದ್ದ ಲಕ್ಷ್ಮಪ್ಪ. "ಸಾವ್ಕಾರ್ರ, ಅವತ್ತ ನನ್ನ ಬೆನ್ನು ಮಣ್ಣಿಗೆ ಹತ್ತಿತ್ತೇನ್ರಿ?"

"ಇಲ್ಲಪಾ, ಹತ್ತಲಿಲ್ಲ" ಅಂದ ಅಪ್ಪ.

"ಈಗ ಹತ್ತೈತೇನು, ಮಾವಾ? ನನಗ ತಿಳೀವಲ್ದು."

ಯಮನೂರಪ್ಪ ಮೊಣಕಾಲೂರಿ, ಒಂದು ಕೈ ಕುತ್ತಿಗೆಯ ಕೆಳಗೆ, ಒಂದು ಕೈ ನಡುವಿನ ಕೆಳಗೆ ಹಾಕಿ ಅವನನ್ನು ಮೆಲ್ಲಗೆ ಮಗ್ಗುಲಿಗೆ ಹೊರಳಿಸಿದ. ಹುಡುಗನ ಬೆನ್ನ ಕೆಳಗೆ ಅಪ್ಪನೇ ಸುತ್ತಿದ್ದ ಆ ಪಟಗಾ ಮಡಿಕೆ ಮಡಿಕೆಯಾಗಿ ಹಾಸಿತ್ತು. ಕೀವು ಹತ್ತಿ ಅದರ ಬಣ್ಣ ಗುರುತು ಸಿಗುವಂತಿರಲಿಲ್ಲ. ಯಮನೂರಪ್ಪ ಒದ್ದೆಯಾದ ಮಡಿಕೆಯನ್ನು ಕೆಳಗೆ ಮಾಡಿ, ಒಣ ಮಡಿಕೆಯನ್ನು ಮೇಲೆ ಮಾಡಿ ಮತ್ತೆ ಹಾಸಿದ. ಅದರ ಮೇಲೆ ಅಳಿಯನನ್ನು ಅಂಗಾತ ಮಲಗಿಸಿದ.

"ಇಲ್ಲಪಾ, ಹತ್ತಿಲ್ಲ" ಅಂದ. "ನಡುವ ಪಟಗಾ ಐತಿ."