ಮೊದಲೇ ಬರುವ ನಗು
ಬೊಮ್ಮಸಂದ್ರದ ಬಾಡಿಗೆ ಕೋಣೆಗಳಲ್ಲಿ ಕಾರ್ಖಾನೆ ಪಾಳಿಯ ಸೈರನ್ನಿಗಿಂತ ಮೊದಲು ಕೇಳುವುದು ಮುತ್ತಣ್ಣನ ನಗು. ಯಾರದೇ ಪ್ರೀತಿ ಮುರಿದರೂ, ಗೆಳೆಯರೆಲ್ಲ ಸೇರಿ ಒಬ್ಬನ ಪ್ರೇಮದ ದುಃಖ ಮರೆಸುವ ಕಥೆಯ ಒಂದೇ ಹಾಸ್ಯಚಿತ್ರಕ್ಕೆ ಆತ ಅವರನ್ನು ಎಳೆದೊಯ್ಯುತ್ತಾನೆ. ಏಳು ಸಲ ನೋಡಿದ್ದರಿಂದ ಜೋಕಿಗಿಂತ ಮೊದಲೇ ನಗುತ್ತಾನೆ. “ಅಣ್ಣಾ, ಜೋಕ್ ಇನ್ನೂ ಬಂದಿಲ್ಲ ಕಣ್ರೀ!” ಎಂದು ಹಿಂದಿನ ಸಾಲಿನವರು ರೇಗುತ್ತಾರೆ. ಈ ಸಲ ಪ್ರೀತಿ ಮುರಿದು ಮೂರು ದಿನದಿಂದ ಊಟ ಬಿಟ್ಟಿದ್ದ ಯಂಕಪ್ಪನಿಗೂ ಅವನ ಪಕ್ಕದಲ್ಲಿ ಕೂರಲು ನಾಚಿಕೆಯಾಗಿತ್ತು. ಆದರೆ ಕತ್ತಲಲ್ಲಿ ಅವನು ತಡೆಯಲಾರದೆ ಬಿಕ್ಕಿದಾಗ, ಮುತ್ತಣ್ಣನ ನಗು ಚಾವಣಿ ಹಾರುವಂತೆ ಎದ್ದು ಅವನ ಅಳುವನ್ನು ಪೂರ್ತಿ ಮುಚ್ಚಿತು. ಪರದೆಯ ಮೇಲೆ ಆಗ ಜೋಕೇ ಇರಲಿಲ್ಲ. ಯಂಕಪ್ಪ ದಂಗಾದ. ಚಿತ್ರ ಮುಗಿದ ಮೇಲೆ ಹೊರಗೆ ಎರಡು ಪ್ಲೇಟ್ ಚಿತ್ರಾನ್ನ ತಿಂದು ಕೇಳಿದ: “ಅಣ್ಣಾ, ನಿನ್ನ ಪ್ರೀತಿ ಮುರಿದು ನೀ ಅತ್ತಾಗ, ಅಳು ಮುಚ್ಚಾಕ ಯಾರ್ ನಕ್ಕಿದ್ರು?” “ನಾ ಅತ್ತಾಗಾ? ಆವತ್ತು ನನ್ನ ಬಾಜೂ ಸೀಟು ಖಾಲಿ ಇತ್ತಲೇ, ಅದಕ್ಕಽ ಈಗ ನಿಮ್ಮ ಬಾಜೂ ನಾ…” ಎನ್ನುತ್ತಲೇ ಮುತ್ತಣ್ಣ ಕಂಪನಿ ಬಸ್ಸಿನತ್ತ ನಡೆದುಬಿಟ್ಟ.